ಗುರುಸ್ಮರಣೆಯ ಸಾವಿರ ಪ್ರತಿಗಳು

ಗದಗಿನಿಂದ ಕೊಪ್ಪಳದ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಸುಮಾರು 12 ಕಿಲೋಮೀಟರ್ ಕ್ರಮಿಸಿದರೆ ಲಕ್ಕುಂಡಿ ಬರುತ್ತದೆ. ಶಾಸನಗಳು ಲೊಕ್ಕಿಗುಂಡಿ ಎಂದು ಕರೆದ ಊರು ಇದೇ. ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳಿಗೂ ಮೆಟ್ಟಿಲು ಬಾವಿಗಳಿಗೂ ಹೆಸರಾದ ಇಲ್ಲಿ ಹಿರಿಯ ಬಸದಿಯೆಂದರೆ ಬ್ರಹ್ಮಜಿನಾಲಯ. ಇರಿವಬೆಡಂಗ ಸತ್ಯಾಶ್ರಯನ ಆಳ್ವಿಕೆಯ 1007ನೆಯ ಇಸವಿಯ ಶಾಸನವು ಈ ಊರಿನಲ್ಲಿ ಬಸದಿಯನ್ನು ಕಟ್ಟಿಸಿದ ಅತ್ತಿಮಬ್ಬೆಯ ಗುಣಗಳನ್ನು ವಿಸ್ತಾರವಾಗಿ ಕೊಂಡಾಡುತ್ತದೆ. ದಾನಚಿಂತಾಮಣಿ ಎಂಬ ಬಿರುದು ಇಂದು ಶಾಲಾಮಕ್ಕಳಿಗೂ ಗೊತ್ತು. ಬಸದಿಯನ್ನು ನೋಡಲು ಬಂದವರಿಗೆ ಆಕೆ ಮಾಡಿಸಿದ ಬಿಂಬಗಳ, ಕಟ್ಟಿಸಿದ ಬಸದಿಗಳ ಎಣಿಕೆಯನ್ನು ಹೇಳುವುದು ವಾಡಿಕೆ. ಆಕೆಯ ದಾನಗಳಲ್ಲಿ ಅತ್ಯಂತ ವಿಶಿಷ್ಟವಾದುದರ ಹಿಂದೆ ಒಬ್ಬ ಗುರುವಿನ ನೆನಪು ಅಡಗಿದೆ ಎಂಬುದು ಮಾತ್ರ ಅಷ್ಟಾಗಿ ಪ್ರಸ್ತಾಪಕ್ಕೆ ಬರುವುದಿಲ್ಲ.

ಆ ಗುರುವಿನ ಹೆಸರು ಜಿನಚಂದ್ರದೇವ. ಹತ್ತನೆಯ ಶತಮಾನದಲ್ಲಿ ವೆಂಗಿನಾಡಿನ ಕಮ್ಮೆನಾಡಿಗೆ ಸೇರಿದ ಪುಂಗನೂರಿನ ನಾಗಮಯ್ಯನ ಮಕ್ಕಳಾದ ಮಲ್ಲಪ ಮತ್ತು ಪುನ್ನಮಯ್ಯ ಎಂಬ ಸಹೋದರರಿಗೆ ಆತ ಗುರುವಾಗಿದ್ದ. ಗುರು ದೇಹವಿಟ್ಟ ಬಳಿಕ ಆತನ ಸ್ಮರಣೆಗೆ ಏನು ಮಾಡಬೇಕೆಂಬ ಪ್ರಶ್ನೆ ಈ ಇಬ್ಬರು ಸೇನಾನಿಗಳ ಮುಂದೆ ನಿಂತಿತು. ಸ್ಥಿತಿವಂತರಾಗಿದ್ದ ಅವರು ಕಲ್ಲು ನಿಲ್ಲಿಸಬಹುದಿತ್ತು, ಮಂಟಪ ಕಟ್ಟಿಸಬಹುದಿತ್ತು. ಅವರು ಒಬ್ಬ ಕವಿಯಿಂದ ಕಾವ್ಯವನ್ನು ಬರೆಸಿದರು. ರಾಷ್ಟ್ರಕೂಟ ಮೂರನೆಯ ಕೃಷ್ಣನಿಂದ ಉಭಯಕವಿಚಕ್ರವರ್ತಿ ಎನಿಸಿಕೊಂಡ ಪೊನ್ನನು ರಚಿಸಿದ 12 ಆಶ್ವಾಸಗಳ ಚಂಪೂಕಾವ್ಯ ‘ಶಾಂತಿಪುರಾಣ’ ಹುಟ್ಟಿದ್ದು ಹೀಗೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಗುರುವಿನ ನೆನಪಿಗಾಗಿ ಬರೆಸಿದ ಈ ಕಾವ್ಯದ ನಾಯಕ ಗುರುವಲ್ಲ. ಹದಿನಾರನೆಯ ತೀರ್ಥಂಕರನಾದ ಶಾಂತಿನಾಥ. ಜಿನಚಂದ್ರನ ಹುಟ್ಟೂರು, ಬಾಲ್ಯ, ಪವಾಡ, ಪ್ರಶಸ್ತಿಗಳ ಪಟ್ಟಿಯನ್ನು ಆ ಸಹೋದರರು ಬರೆಸಲಿಲ್ಲ. ಗುರು ಯಾವ ದಿಕ್ಕಿಗೆ ಮುಖಮಾಡಿ ಬದುಕಿದ್ದನೋ ಆ ದಿಕ್ಕನ್ನೇ ಜನರಿಗೆ ತೋರಿಸಿದರು. ಗುರುಸ್ಮರಣೆಯ ಸ್ವರೂಪದ ಬಗ್ಗೆ ಕನ್ನಡ ಪರಂಪರೆ ಕೊಟ್ಟಿರುವ ಹಳೆಯ, ಸ್ಪಷ್ಟವಾದ ಉತ್ತರಗಳಲ್ಲಿ ಇದು ಒಂದು. ಶಿಷ್ಯನಾದವನು ಗುರುವನ್ನು ನೋಡುತ್ತ ನಿಂತರೆ ಸಾಲದು, ಗುರು ನೋಡುತ್ತಿದ್ದುದನ್ನು ತಾನೂ ನೋಡಬೇಕು.

ಮಲ್ಲಪನ ಮಗಳು ಅತ್ತಿಮಬ್ಬೆ ಈ ಉತ್ತರವನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ದಳು. ಆಕೆಯ ಬಾಳಿನ ವಿವರಗಳನ್ನು ರನ್ನ ತನ್ನ ‘ಅಜಿತಪುರಾಣ’ದಲ್ಲಿ ಕೊಟ್ಟಿದ್ದಾನೆ. ಆಕೆಯನ್ನೂ ತಂಗಿ ಗುಂಡಮಬ್ಬೆಯನ್ನೂ ಚಾಲುಕ್ಯ ಮಂತ್ರಿ ಧಲ್ಲಪನ ಮಗ ನಾಗದೇವನಿಗೆ ಕೊಟ್ಟು ಮದುವೆ ಮಾಡಲಾಗಿತ್ತು. ನಾಗದೇವ ಅಕಾಲದಲ್ಲಿ ಮಡಿದಾಗ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗ ಅಣ್ಣಿಗದೇವನಿಗಾಗಿ ಬದುಕಿ ಉಳಿದಳು. ಆ ಬಳಿಕದ ಆಕೆಯ ಆಯುಷ್ಯವೆಲ್ಲ ವ್ರತ ಮತ್ತು ದಾನಗಳಲ್ಲಿ ಕಳೆಯಿತು. ತಂದೆ ತನ್ನ ಗುರುವಿನ ಸ್ಮರಣೆಗೆ ಬರೆಸಿದ್ದ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಮಾಡಿಸಿ ಹಂಚಿದ್ದು ಆಕೆಯ ಕೀರ್ತಿಗೆ ಮುಖ್ಯ ಕಾರಣಗಳಲ್ಲಿ ಒಂದು. ರನ್ನನಿಂದ 993ರಲ್ಲಿ ‘ಅಜಿತಪುರಾಣ’ವನ್ನು ಬರೆಸಿದವಳೂ ಆಕೆಯೇ. ಕವಿ ಆ ಋಣವನ್ನು ಕಾವ್ಯದಲ್ಲಿ ತೀರಿಸಿದ್ದಲ್ಲದೆ ತನ್ನ ಮಗಳಿಗೆ ಅತ್ತಿಮಬ್ಬೆ ಎಂದೇ ಹೆಸರಿಟ್ಟ.

ಸಾವಿರ ಪ್ರತಿ ಎಂಬ ಮಾತು ಅಚ್ಚಿನ ಯುಗದವರಿಗೆ ಸಾಧಾರಣವಾಗಿ ಕೇಳಿಸುತ್ತದೆ. ಇಂದಿನ ಸಣ್ಣ ಪ್ರಕಾಶಕರೂ ಒಂದು ಮುದ್ರಣಕ್ಕೆ ಸಾವಿರ ಪ್ರತಿ ಹಾಕಿಸುತ್ತಾರೆ. ತಾಳೆಯೋಲೆಯ ಕಾಲದಲ್ಲಿ ಅದರ ಅರ್ಥವೇ ಬೇರೆ. ಗರಿಗಳನ್ನು ಆಯ್ದು, ಹದಗೊಳಿಸಿ, ಸಮನಾಗಿ ಕತ್ತರಿಸಿ, ದಾರ ಪೋಣಿಸಲು ರಂಧ್ರವಿಟ್ಟು, ಉಕ್ಕಿನ ಮೊನೆಯಿಂದ ಅಕ್ಷರ ಕೊರೆದು, ಕಾಡಿಗೆ ಸವರಿ ಅಕ್ಷರ ಎದ್ದುಕಾಣುವಂತೆ ಮಾಡಬೇಕು. 12 ಆಶ್ವಾಸಗಳ ಒಂದು ಪ್ರತಿಯನ್ನು ಒಬ್ಬ ಲಿಪಿಕಾರ ತಿಂಗಳಲ್ಲಿ ಮುಗಿಸುತ್ತಾನೆಂದು ಉದಾರವಾಗಿ ಎಣಿಸಿದರೂ 1000 ಪ್ರತಿಗೆ ಅವನೊಬ್ಬನಿಗೆ 83 ವರ್ಷ ಬೇಕು. ಅಂದರೆ ಅತ್ತಿಮಬ್ಬೆ ಪುಸ್ತಕಗಳನ್ನು ಕೊಂಡು ಹಂಚಲಿಲ್ಲ. ಬರೆಯುವ ಹತ್ತಾರು ಕೈಗಳಿಗೆ ದೀರ್ಘಕಾಲ ಅನ್ನವಿಟ್ಟು ಒಂದು ಕಾಯಕವನ್ನೇ ನಡೆಸಿದಳು. ಪ್ರತಿ ಮಾಡುವವನು ಓದಲೇಬೇಕು. ಆದ್ದರಿಂದ ಆ ಕಾವ್ಯಕ್ಕೆ ಮೊದಲ ಓದುಗರಾಗಿ ದೊರೆತವರು ಆ ಲಿಪಿಕಾರರೇ.

ಜೈನಧರ್ಮ ಹೇಳುವ ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಕೊನೆಯದು ಇದು. ಜ್ಯೇಷ್ಠ ಶುದ್ಧ ಪಂಚಮಿಯಂದು ಶ್ರುತಪಂಚಮಿಯನ್ನು ಆಚರಿಸಿ ಗ್ರಂಥಗಳನ್ನು ಪೂಜಿಸುವ ಸಮಾಜದಲ್ಲಿ ಗ್ರಂಥವನ್ನು ಪ್ರತಿ ಮಾಡಿಸಿ ಕೊಡುವುದು ವ್ರತದ ಅಂಗವೇ ಆಗಿತ್ತು. ಮೂಡಬಿದಿರೆಯಲ್ಲಿ ಉಳಿದುಬಂದ ಸಿದ್ಧಾಂತಗ್ರಂಥಗಳ ಓಲೆಪ್ರತಿಗಳೂ ಇಂಥ ಶಾಸ್ತ್ರದಾನದ ಫಲವೇ. ಅತ್ತಿಮಬ್ಬೆಯ ವಿಶೇಷವೆಂದರೆ ಪ್ರಮಾಣ. ಆಕೆ ಒಂದು ಪ್ರತಿಯನ್ನು ಒಬ್ಬ ಮುನಿಗೆ ಒಪ್ಪಿಸಿ ತೃಪ್ತಳಾಗಲಿಲ್ಲ, ನಾಡಿಗೇ ಒಪ್ಪಿಸಿದಳು.

ಇದರ ಫಲವೇನು? ಪೊನ್ನನ ‘ಭುವನೈಕರಾಮಾಭ್ಯುದಯ’ ಇಂದು ದೊರೆತಿಲ್ಲ. ರನ್ನನ ‘ಪರಶುರಾಮಚರಿತ’, ‘ಚಕ್ರೇಶ್ವರಚರಿತ’ಗಳೂ ಹೆಸರಿನಲ್ಲಿ ಮಾತ್ರ ಉಳಿದಿವೆ. ‘ಶಾಂತಿಪುರಾಣ’ ಉಳಿಯಿತು. ಅತ್ತಿಮಬ್ಬೆಯ ಸಾವಿರ ಪ್ರತಿಗಳೇ ಇದಕ್ಕೆ ಏಕೈಕ ಕಾರಣವೆಂದು ಹೇಳುವುದು ದುಡುಕಾದೀತು. ಧಾರ್ಮಿಕ ಕಾವ್ಯವೆಂಬ ಕಾರಣಕ್ಕೂ ಅದು ಬಸದಿಗಳ ಭಂಡಾರಗಳಲ್ಲಿ ರಕ್ಷಣೆ ಪಡೆದಿರಬಹುದು. ಆದರೂ ಹುಳು, ಬೆಂಕಿ, ನೀರುಗಳಿಗೆ ಸಿಲುಕುವ ಓಲೆಗಳ ಲೋಕದಲ್ಲಿ ಪ್ರತಿಗಳ ಸಂಖ್ಯೆಯೇ ದೊಡ್ಡ ಕೋಟೆ. ಒಂದೆಡೆ ಕೂಡಿಟ್ಟದ್ದು ಒಂದು ಅನಾಹುತಕ್ಕೆ ನಾಶವಾಗುತ್ತದೆ, ಹಲವೆಡೆ ಹಂಚಿದ್ದು ಎಲ್ಲಾದರೂ ಒಂದೆಡೆ ಬದುಕುತ್ತದೆ.

ಲಕ್ಕುಂಡಿಯ ಈ ಪಾಠ ಹತ್ತನೆಯ ಶತಮಾನದ ವೈಭವಕ್ಕಷ್ಟೇ ಸಂಬಂಧಿಸಿದ್ದೇ ಎಂದು ಕೇಳುವವರು ಅದೇ ಹೆದ್ದಾರಿಯಲ್ಲಿ ಹಿಂದಿರುಗಿ ಗದಗಿನ ವೀರೇಶ್ವರ ಪುಣ್ಯಾಶ್ರಮದ ಕಡೆಗೆ ನೋಡಬೇಕು. ಒಂಬತ್ತು ಶತಮಾನಗಳ ಬಳಿಕ, ಬೇರೊಂದು ಧರ್ಮಪರಂಪರೆಯಲ್ಲಿ, ಅದೇ ಪಾಠವನ್ನು ತನ್ನದೇ ದಾರಿಯಲ್ಲಿ ಬಾಳಿ ತೋರಿಸಿದ ಶಿಕ್ಷಕ ಅಲ್ಲಿದ್ದರು. ಅವರು ಪಂಡಿತ ಪುಟ್ಟರಾಜ ಗವಾಯಿಗಳು.

ಪುಟ್ಟರಾಜರ ಕಥೆ ಅವರ ಗುರುವಿನಿಂದ ಆರಂಭವಾಗಬೇಕು. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗಯ್ಯನಿಗೆ ಹುಟ್ಟಿನಿಂದಲೇ ಕಣ್ಣಿರಲಿಲ್ಲ, ಸಹೋದರನೂ ಅಂಧನೇ. ಬಾಲಕರ ಕಂಠಮಾಧುರ್ಯವನ್ನು ಗುರುತಿಸಿ ಆಸರೆಯಿತ್ತವರು ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರ ಶಿವಯೋಗಿಗಳು. ಗದಿಗಯ್ಯ ಮುಂದೆ ಕರ್ನಾಟಕ ಮತ್ತು ಹಿಂದೂಸ್ಥಾನಿ ಪದ್ಧತಿಗಳೆರಡರಲ್ಲಿಯೂ ನುರಿತ ಪಂಚಾಕ್ಷರಿ ಗವಾಯಿಗಳಾದರು. ಅಂಧರಿಗೂ ಅನಾಥರಿಗೂ ಸಂಗೀತ ಕಲಿಸುವ ಅವರ ಶಾಲೆ ಮೊದಲಿಗೆ ಊರಿಂದ ಊರಿಗೆ ಸಂಚರಿಸುವ ಶಾಲೆಯಾಗಿತ್ತು. ಶಿಷ್ಯಸಮೂಹವನ್ನು ಕಟ್ಟಿಕೊಂಡು, ಭಕ್ತರು ಕೊಟ್ಟಷ್ಟರಲ್ಲಿ ಊಟ ಮಾಡಿಸುತ್ತ, ಬೀಡುಬಿಟ್ಟಲ್ಲಿ ಪಾಠ ಹೇಳುತ್ತ ನಡೆದ ಶಾಲೆ ಅದು. ಕೊನೆಗೆ ಗದಗಿನಲ್ಲಿ ಅದಕ್ಕೊಂದು ನೆಲೆ ದೊರೆಯಿತು. ಮುಂದೆ ಹೆಸರಾಂತ ಗಾಯಕರಾದ ಬಸವರಾಜ ರಾಜಗುರು ಈ ಗುರುವಿನ ಶಿಷ್ಯರಲ್ಲೊಬ್ಬರು.

ಇಂದಿನ ಹಾವೇರಿ ಜಿಲ್ಲೆಯ ದೇವಗಿರಿಯಲ್ಲಿ 1914ರ ಮಾರ್ಚ್ 3ರಂದು ಹುಟ್ಟಿದ ಪುಟ್ಟರಾಜರು ಹಸುಳೆಯಾಗಿದ್ದಾಗಲೇ ದೃಷ್ಟಿಯನ್ನೂ ತಂದೆಯನ್ನೂ ಕಳೆದುಕೊಂಡು ಸೋದರಮಾವನ ಆಸರೆಯಲ್ಲಿ ಬೆಳೆದರು. ಮಾವನ ಹಾರ್ಮೋನಿಯಂ ಮೇಲೆ ಕೈಯಾಡಿಸುತ್ತಿದ್ದ ಹುಡುಗನ ಆಸಕ್ತಿಯನ್ನು ಕಂಡು ಆ ಮಾವನೇ ಅವನನ್ನು ಪಂಚಾಕ್ಷರಿ ಗವಾಯಿಗಳಿಗೆ ಒಪ್ಪಿಸಿದರು. ಗಾಯನ, ಹಾರ್ಮೋನಿಯಂ, ತಬಲಾ, ಪಿಟೀಲು ಮೊದಲಾದವನ್ನು ಅಲ್ಲಿ ಕಲಿತ ಶಿಷ್ಯನ ಮೇಲೆ 1944ರಲ್ಲಿ ಗುರುವಿನ ನಿಧನದೊಂದಿಗೆ ಇಡೀ ಆಶ್ರಮದ ಭಾರ ಬಿತ್ತು. ಆಗ ಅವರಿಗೆ 30 ವಯಸ್ಸು. ಮುಂದೆ 2010ರ ಸೆಪ್ಟೆಂಬರ್ 17ರಂದು 96ನೆಯ ವಯಸ್ಸಿನಲ್ಲಿ ಕಾಲವಾಗುವವರೆಗೆ 66 ವರ್ಷ ಆ ಭಾರವನ್ನು ಅವರು ಇಳಿಸಲಿಲ್ಲ.

ಈ 66 ವರ್ಷಗಳೇ ಪುಟ್ಟರಾಜರು ತಮ್ಮ ಗುರುವಿಗೆ ಸಲ್ಲಿಸಿದ ಸ್ಮಾರಕ. ಅವರು ಬೇರೆ ದಾರಿ ಹಿಡಿಯಬಹುದಿತ್ತು. ಎರಡು ಪದ್ಧತಿಗಳನ್ನು ಬಲ್ಲ, ಹಲವು ವಾದ್ಯಗಳಲ್ಲಿ ಪರಿಣತಿಯಿದ್ದ ಕಲಾವಿದನಿಗೆ ಕಛೇರಿಗಳ ಲೋಕ ತೆರೆದೇ ಇತ್ತು. ಅವರು ಆರಿಸಿಕೊಂಡದ್ದು ಪ್ರತಿದಿನ ಬೆಳಗಾದರೆ ಅನ್ನ ಕೇಳುವ, ಸ್ವರ ಕೇಳುವ ಮಕ್ಕಳ ನಡುವಿನ ಬದುಕನ್ನು. ಅನ್ನ ಹೊಂದಿಸಲು ಗುರುವಿನಂತೆಯೇ ನಾಟಕ ಕಂಪನಿಯನ್ನು ನಡೆಸಿದರು, ಅದಕ್ಕಾಗಿ ನಾಟಕಗಳನ್ನು ಬರೆದರು. ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಪುರಾಣ, ನಾಟಕ, ಶಾಸ್ತ್ರಗಳೆಂದು ಅವರು ರಚಿಸಿದ ಕೃತಿಗಳ ಸಂಖ್ಯೆ 80ನ್ನು ದಾಟುತ್ತದೆ. ಹಿಂದಿಯಲ್ಲಿ ‘ಬಸವಪುರಾಣ’ವನ್ನು ಬರೆದರು. ಭಗವದ್ಗೀತೆಯನ್ನು ಬ್ರೈಲ್ ಲಿಪಿಗೆ ತಂದರು.

ಬ್ರೈಲ್‌ಗೆ ತಂದ ಆ ಗೀತೆಯನ್ನು ಅತ್ತಿಮಬ್ಬೆಯ ಓಲೆಗಳ ಪಕ್ಕದಲ್ಲಿಟ್ಟು ನೋಡಬೇಕು. ತಾಳೆಗರಿಯ ಮೇಲೆ ಲಿಪಿಕಾರ ಮೊನೆಯಿಂದ ಗೀರುತ್ತಾನೆ. ಬ್ರೈಲ್ ಬರೆಯುವವನು ದಪ್ಪ ಕಾಗದದ ಮೇಲೆ ಮೊನೆಯಿಂದ ಚುಚ್ಚುತ್ತಾನೆ. ಕೈಯಿಂದ ಚುಚ್ಚುವಾಗ ಬಲದಿಂದ ಎಡಕ್ಕೆ ಸಾಗಬೇಕು. ಹಾಳೆಯನ್ನು ಮಗುಚಿದಾಗ ಎದ್ದುನಿಂತ ಚುಕ್ಕೆಗಳನ್ನು ಬೆರಳು ಎಡದಿಂದ ಬಲಕ್ಕೆ ಓದುತ್ತದೆ. ಆರು ಚುಕ್ಕೆಗಳ ಜೋಡಣೆಯಲ್ಲಿ ಒಂದೊಂದೇ ಅಕ್ಷರ ಮೂಡಬೇಕು. ಎರಡೂ ತಾಳ್ಮೆಯ ಲಿಪಿಗಳು. ಯಾರ ಕೈಗೆ ಗ್ರಂಥ ಇದುವರೆಗೆ ತಲುಪಿಲ್ಲವೋ ಅವರ ಕೈಗೆ ತಲುಪಿಸುವುದೇ ಎರಡರ ಉದ್ದೇಶ. ಶಾಸ್ತ್ರದಾನ ಎಂಬ ಜೈನ ಪರಿಭಾಷೆಗೆ ಇದಕ್ಕಿಂತ ಹತ್ತಿರದ ಆಧುನಿಕ ನಿದರ್ಶನ ಗದಗ ಸೀಮೆಯಲ್ಲಿ ಸಿಗುವುದು ಕಷ್ಟ.

ಸಂಗೀತದ ಪಾಠವೂ ಒಂದು ಬಗೆಯ ಪ್ರತಿಲೇಖನವೇ. ಗುರು ಹಾಡಿದ್ದನ್ನು ಶಿಷ್ಯ ಮರಳಿ ಹಾಡುತ್ತಾನೆ. ತಪ್ಪಿದರೆ ಗುರು ತಿದ್ದುತ್ತಾನೆ, ಶಿಷ್ಯ ಮತ್ತೆ ಹಾಡುತ್ತಾನೆ. ಕಣ್ಣಿಲ್ಲದ ಮಗುವಿಗೆ ಪುಸ್ತಕದ ಊರುಗೋಲೂ ಇಲ್ಲ. ಕಿವಿ ಮತ್ತು ನೆನಪುಗಳೇ ಅದರ ಓಲೆ. ಓಲೆಯ ಮೇಲೆ ಬರೆಯುವ ಉಕ್ಕಿನ ಕಡ್ಡಿಯನ್ನು ಕನ್ನಡ ಕಂಠವೆಂದು ಕರೆದಿದೆ. ಹಾಡುವ ಕೊರಳಿಗೂ ಅದೇ ಹೆಸರು. ಬಳ್ಳಾರಿ ಸೀಮೆಯ ಲಕ್ಷ್ಮೀಪುರದಿಂದ ಬಾಲಕನಾಗಿ ಆಶ್ರಮ ಸೇರಿ 12 ವರ್ಷ ಪುಟ್ಟರಾಜರ ಬಳಿ ಕಲಿತ ಪಂಡಿತ ವೆಂಕಟೇಶಕುಮಾರರು ಇಂದು ಹಾಡಿದಾಗ ಕೇಳಿಬರುವುದು ಅಂಥ ಒಂದು ಪ್ರತಿ. ಆ ಪ್ರತಿಯಲ್ಲಿ ಪುಟ್ಟರಾಜರೂ ಇದ್ದಾರೆ, ಅವರ ಹಿಂದೆ ಪಂಚಾಕ್ಷರಿ ಗವಾಯಿಗಳೂ ಇದ್ದಾರೆ. ಹೆಸರು ಪ್ರಸಿದ್ಧವಾಗದ ಎಷ್ಟೋ ಶಿಷ್ಯರು ಹಳ್ಳಿಗಳ ಶಾಲೆಗಳಲ್ಲಿ ಸಂಗೀತ ಶಿಕ್ಷಕರಾಗಿ, ಗುಡಿಗಳಲ್ಲಿ ಪುರಾಣ ಪ್ರವಚನಕ್ಕೆ ಹಾರ್ಮೋನಿಯಂ, ತಬಲಾ ಸಾಥಿಯವರಾಗಿ ಸ್ವಂತ ದುಡಿಮೆಯ ಅನ್ನ ಉಂಡರು. ಕುರುಡನೆಂದು ಮನೆಯ ಮೂಲೆಗೆ ಸೇರಬೇಕಿದ್ದವನು ಊರಿಗೆ ಮೇಷ್ಟ್ರಾಗಿ ಬಂದ. ಸಮಾಜಸೇವೆ ಎಂಬ ಮಾತಿಗೆ ಇದಕ್ಕಿಂತ ಖಚಿತವಾದ ಅರ್ಥ ಬೇಕಿಲ್ಲ.

ಇಷ್ಟಾಗಿಯೂ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಅತ್ತಿಮಬ್ಬೆ ಪುಸ್ತಕಗಳನ್ನಷ್ಟೇ ಹಂಚಲಿಲ್ಲ, ರತ್ನಖಚಿತವಾದ ಚಿನ್ನದ 1500 ಜಿನಬಿಂಬಗಳನ್ನೂ ಮಾಡಿಸಿದಳೆಂದು ಪ್ರಸಿದ್ಧಿಯಿದೆ. ಬಸದಿಯನ್ನಂತೂ ಕಟ್ಟಿಸಿಯೇ ಇದ್ದಾಳೆ. ಪುಟ್ಟರಾಜರಿಗೂ ಎರಡು ಸಾವಿರಕ್ಕೂ ಮಿಕ್ಕಿ ತುಲಾಭಾರಗಳು ನಡೆದವು. ಪ್ರಶಸ್ತಿಗಳ ಸಾಲು ಕಾಳಿದಾಸ ಸಮ್ಮಾನವನ್ನೂ 2010ರ ಪದ್ಮಭೂಷಣವನ್ನೂ ಒಳಗೊಂಡಿತು. ಬಿಂಬ, ಉತ್ಸವ, ಸನ್ಮಾನಗಳು ಬೇಡವೆನ್ನುವುದು ಹಾಗಾದರೆ ಆ ಇಬ್ಬರ ಬಾಳಿಗೇ ವಿರೋಧವಲ್ಲವೇ?

ವಿರೋಧವಲ್ಲ. ಬಸದಿ ನಿಲ್ಲದಿದ್ದರೆ ಅತ್ತಿಮಬ್ಬೆಯ ಹೆಸರನ್ನು ಕೇಳಿಕೊಂಡು ಲಕ್ಕುಂಡಿಗೆ ಇಂದು ಯಾರು ಬರುತ್ತಿದ್ದರು? ಕಟ್ಟಡ ಜನರನ್ನು ಕರೆಯುತ್ತದೆ. ಕರೆದ ಮೇಲೆ ಅವರ ಕೈಗೆ ಏನು ಕೊಡಲಾಗುತ್ತದೆ ಎಂಬುದೇ ಮುಖ್ಯ. ತುಲಾಭಾರದ ಒಂದು ತಟ್ಟೆಯಲ್ಲಿ ಪುಟ್ಟರಾಜರು ಕುಳಿತಿದ್ದರೆ ಇನ್ನೊಂದು ತಟ್ಟೆಯ ನಾಣ್ಯಗಳು ಆಶ್ರಮದ ಮಕ್ಕಳ ಊಟಕ್ಕೂ ವಿದ್ಯೆಗೂ ಸಂದವು. ಗೌರವವನ್ನು ಸ್ವೀಕರಿಸಿ ಅದನ್ನು ದಾಸೋಹವಾಗಿ ಬದಲಾಯಿಸುವ ಕಲೆ ಅವರಿಗೆ ಸಿದ್ಧಿಸಿತ್ತು. ಗೌರವ ಗೌರವವಾಗಿಯೇ ಉಳಿದು, ವೇದಿಕೆಯಿಂದ ಕೆಳಗಿಳಿಯದೆ ಒಣಗಿಹೋಗುವುದೇ ಇಂದಿನ ಕಷ್ಟ.

ದೀರ್ಘಾಯುಷಿಗಳಾಗಿ ಬಾಳಿ, ಊರಿನ ಎರಡು ಮೂರು ತಲೆಮಾರಿಗೆ ಅಕ್ಷರ ಕಲಿಸಿ ತೀರಿಕೊಂಡ ಶಿಕ್ಷಕರು ಕರ್ನಾಟಕದ ಎಲ್ಲ ಸೀಮೆಗಳಲ್ಲಿಯೂ ಇದ್ದಾರೆ. ಅಂಥವರು ಹೋದಾಗ ನಡೆಯುವ ವಿಧಿಗಳು ಹೆಚ್ಚುಕಡಿಮೆ ಒಂದೇ ಬಗೆಯವು. ವೃತ್ತದಲ್ಲಿ ಭಾವಪೂರ್ಣ ಶ್ರದ್ಧಾಂಜಲಿಯ ಫಲಕ, ಸಭಾಭವನದಲ್ಲಿ ನುಡಿನಮನ, ವರ್ಷ ತುಂಬುವಷ್ಟರಲ್ಲಿ ಒಂದು ಸ್ಮರಣ ಸಂಚಿಕೆ. ಆ ಸಂಚಿಕೆಯನ್ನು ತೆರೆದರೆ ಮೊದಲ ಪುಟಗಳಲ್ಲಿ ಗಣ್ಯರ ಸಂದೇಶಗಳು, ನಡುವೆ ಭಾವಚಿತ್ರಗಳು, ಉಳಿದ ಕಡೆ ಗುರುಗಳು ಎಷ್ಟು ಸರಳರಾಗಿದ್ದರು ಎಂಬ ಒಂದೇ ಮಾತಿನ ಹಲವು ಪಾಠಾಂತರಗಳು. ಗುರು ಏನನ್ನು ಕಲಿಸುತ್ತಿದ್ದರು, ಹೇಗೆ ಕಲಿಸುತ್ತಿದ್ದರು ಎಂಬುದು ಮಾತ್ರ ಅದರಲ್ಲಿ ಸಿಗುವುದು ಅಪರೂಪ. ಅವರು ಗಮಕ ಹೇಳಿಕೊಟ್ಟ ಕ್ರಮ, ವ್ಯಾಕರಣದ ಟಿಪ್ಪಣಿ, ಊರಿನ ಶಾಸನವನ್ನು ಓದಿ ಬರೆದಿಟ್ಟ ಹಾಳೆ, ಧ್ವನಿಸುರುಳಿಯಲ್ಲಿ ಉಳಿದ ಅರ್ಧ ಗಂಟೆಯ ಹಾಡು ಮನೆಯ ಅಟ್ಟದಲ್ಲಿಯೇ ಧೂಳು ತಿನ್ನುತ್ತವೆ. ವ್ಯಕ್ತಿಯ ಸ್ಮರಣೆ ಅಚ್ಚಾಗುತ್ತದೆ, ವಿದ್ಯೆ ಅಚ್ಚಾಗದೆ ಹೋಗುತ್ತದೆ.

ಮಲ್ಲಪ ಮತ್ತು ಪುನ್ನಮಯ್ಯರ ಮಾದರಿಯನ್ನು ಅನುಸರಿಸುವುದು ದುಸ್ಸಾಧ್ಯವೇನೂ ಅಲ್ಲ. ಶಿಕ್ಷಕರೊಬ್ಬರ ನೆನಪಿಗೆ ಸಂಗ್ರಹವಾದ ನಿಧಿಯ ಅರ್ಧಭಾಗವನ್ನು ಅವರು ಪಾಠ ಹೇಳುತ್ತಿದ್ದ ಒಂದು ಕೃತಿಯ ಮರುಮುದ್ರಣಕ್ಕೆ ಮೀಸಲಿಡಬಹುದು. ಸ್ಮರಣ ಸಂಚಿಕೆಯಲ್ಲಿ ಸಂದೇಶಗಳ ಜಾಗವನ್ನು ಅವರ ಪಾಠಗಳಿಗೆ ಬಿಟ್ಟುಕೊಡಬಹುದು. ಹಳೆಯ ಧ್ವನಿಸುರುಳಿಗಳನ್ನು, ಅವು ಅಂಟಿಕೊಂಡು ಹಾಳಾಗುವ ಮೊದಲೇ, ಗಣಕಕ್ಕೆ ಇಳಿಸಿ ಹಲವರಲ್ಲಿ ಹಂಚಿಡಬಹುದು. ವರ್ಷಕ್ಕೆ ಒಂದಾದರೂ ಹಳಗನ್ನಡ ಕೃತಿಯ ಗದ್ಯರೂಪ ಬ್ರೈಲ್‌ಗೆ ಬಂದರೆ ಪುಟ್ಟರಾಜರ ಪುಣ್ಯತಿಥಿಗೆ ಅದಕ್ಕಿಂತ ಒಪ್ಪುವ ಕಾಣಿಕೆ ಇಲ್ಲ. ಅತ್ತಿಮಬ್ಬೆಯ ಹೆಸರಿನಲ್ಲಿ ಸರ್ಕಾರ ಪ್ರಶಸ್ತಿ ಕೊಡುತ್ತಿದೆ. ಪ್ರಶಸ್ತಿ ಪಡೆದವರ ಒಂದು ಕೃತಿಯ ಸಾವಿರ ಪ್ರತಿಗಳನ್ನು ಗ್ರಾಮಗಳ ಗ್ರಂಥಾಲಯಗಳಿಗೆ ಹಂಚುವ ನಿಯಮವೊಂದು ಅದರೊಂದಿಗೆ ಸೇರಿದರೆ ಪ್ರಶಸ್ತಿಯ ಹೆಸರು ಸಾರ್ಥಕವಾದೀತು.

ಲಕ್ಕುಂಡಿಯಲ್ಲಿ ಈಚಿನ ವರ್ಷಗಳಲ್ಲಿ ಪ್ರಾಚ್ಯಾವಶೇಷಗಳ ಶೋಧ ಚುರುಕಾಗಿದೆ. ಗೋಡೆಗೆ, ಕಟ್ಟೆಗೆ ಸೇರಿಹೋಗಿದ್ದ ಶಿಲ್ಪಗಳನ್ನೂ ಶಾಸನದ ತುಣುಕುಗಳನ್ನೂ ಮನೆಮನೆಗಳಿಂದ ಸಂಗ್ರಹಿಸುವ ಕೆಲಸ ನಡೆದಿದೆ. ಇದು ಸ್ವಾಗತಾರ್ಹವಾದ ಕಾರ್ಯ, ತಡವಾಗಿಯಾದರೂ ಬಂದಿದೆ. ಆದರೆ ಆ ಊರಿನ ಪ್ರೌಢಶಾಲೆಯ ವಿದ್ಯಾರ್ಥಿಗೆ ‘ಶಾಂತಿಪುರಾಣ’ದ ಒಂದು ಸರಳಗದ್ಯದ ಪ್ರತಿ ಕೈಗೆ ಸಿಗದಿದ್ದರೆ ಅಗೆದು ತೆಗೆದದ್ದು ಕಲ್ಲು ಮಾತ್ರವಾಗುತ್ತದೆ. ಜಿನಚಂದ್ರದೇವನ ಸಮಾಧಿಯನ್ನು ಹುಡುಕಿಕೊಂಡು ಯಾರೂ ಹೋಗುವುದಿಲ್ಲ. ಆತನ ಬಾಳಿನ ವಿವರಗಳೂ ಹೆಚ್ಚಾಗಿ ಉಳಿದಿಲ್ಲ. ಆದರೂ ಆತ ತೀರಿಕೊಂಡು ಸಾವಿರ ವರ್ಷಗಳಾದ ಮೇಲೂ, ಶಿಷ್ಯನೊಬ್ಬ ಬರೆಸಿದ ಕಾವ್ಯವನ್ನು ಆ ಶಿಷ್ಯನ ಮಗಳು ಹಂಚಿದ್ದರಿಂದ, ಕನ್ನಡದ ಓದುಗನಿಗೆ ಆ ಗುರುವಿನ ಹೆಸರು ಗೊತ್ತಿದೆ.